ಐದನೆಯ ಕಡ್ಡಿ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳುತ್ತೇನೆ. ಚನ್ನರಾಯಪಟ್ಟಣ ತಾಲ್ಲೂಕು ಹಿರೀಸಾವೆ ಹೋಬಳಿಯ ಒಂದು ಹಳ್ಳಿ; ಊರಿನ ಹೆಸರು ಬರೆಯುವುದಿಲ್ಲ. ಊರಿಗೆ ಪೂರ್ವದಲ್ಲಿ ಉದ್ದಕ್ಕೆ ಮಲಗಿದ ಒಂದು ಹೊಲ. ಅದರ ಪಶ್ಚಿಮದ ಬದುವಿನ ಮೇಲೆ, ಎರಡು ಪಾಲುಗಳನ್ನು ಬೇರೆ ಮಾಡುವ ಮೊಣಕಾಲೆತ್ತರದ ಬಾಂದು ಕಲ್ಲು. ಆ ಕಲ್ಲಿನಿಂದ ದಕ್ಷಿಣಕ್ಕೆ ಎರಡು ಹೆಜ್ಜೆ ದೂರದಲ್ಲಿ, ಉತ್ತರಕ್ಕೆ ಮುಖ ಮಾಡಿ ನಿಂತಿದ್ದೆ. ನಾಲ್ಕು ವರ್ಷದ ಹಿಂದಿನ ಡಿಸೆಂಬರ್ ತಿಂಗಳ ಮೊದಲ ಬುಧವಾರ. ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷವಿತ್ತು. ಭೂಮಾಪಕನಾಗಿ ಸೇರಿ ಸೂಪರ್‌ವೈಸರ್ ಆಗಿದ್ದ ನನಗೆ ನಿವೃತ್ತಿಗೆ ಎರಡು ತಿಂಗಳು ಮೂರು ವಾರ ಬಾಕಿ ಇತ್ತು.

ಮಂಜು ಎದ್ದಿರಲಿಲ್ಲ. ರಾಗಿ ಕುಯ್ದ ಕೂಳೆಯ ಮೇಲೆ ಅದು ಹಾಲಿನ ಕೆನೆಯಂತೆ ಕಟ್ಟಿಕೊಂಡು, ನಮ್ಮ ಸೊಂಟದವರೆಗೆ ಬಂದು ಅಲ್ಲೇ ನಿಂತಿತ್ತು. ನಾವು ಕಾಲಿಲ್ಲದವರ ಹಾಗೆ ಕಾಣುತ್ತಿದ್ದೆವು. ಬದುವಿನ ಅವರೆ ಬಳ್ಳಿಯಿಂದ ಸೊಗಡಿನ ವಾಸನೆ ಬರುತ್ತಿತ್ತು. ಹೆದ್ದಾರಿಯ ಲಾರಿಗಳ ಸದ್ದು ಕೆರೆಯ ತಳದಿಂದ ಬಂದಂತೆ ಕೇಳುತ್ತಿತ್ತು.

ನನ್ನ ಎದುರಿಗೆ ಚೈತ್ರ ಇದ್ದಳು. ಮೂವತ್ತು ತುಂಬದ ಹುಡುಗಿ, ನಮ್ಮ ಭೂಮಾಪಕಿ. ಅವಳ ಕೈಯಲ್ಲಿ ರೋವರ್ ಎನ್ನುವ ಹೊಸ ಉಪಕರಣ. ಆಳೆತ್ತರದ ಒಂದು ಕೋಲು, ಅದರ ತಲೆಯ ಮೇಲೆ ಅಣಬೆಯಂಥ ಬಿಳಿ ಟೋಪಿ. ಆ ಟೋಪಿ ಆಕಾಶದಲ್ಲಿ ತಿರುಗುವ ಉಪಗ್ರಹಗಳ ಮಾತು ಕೇಳಿಸಿಕೊಂಡು, ಕೋಲಿನ ತುದಿ ಭೂಮಿಯ ಮೇಲೆ ಎಲ್ಲಿದೆ ಎಂದು ಒಂದೆರಡು ಸೆಂಟಿಮೀಟರ್ ಹೆಚ್ಚುಕಡಿಮೆಯಲ್ಲಿ ಹೇಳುತ್ತದೆ. ಹಗ್ಗ ಹಿಡಿಯುವುದಿಲ್ಲ, ಸರಪಳಿ ಎಳೆಯುವುದಿಲ್ಲ. ಅದು ಕೆಲಸ ಮಾಡುವುದನ್ನು ಒಮ್ಮೆಯಾದರೂ ಪೂರ್ತಿ ನೋಡಿ ನಿವೃತ್ತನಾಗೋಣ ಎಂದು ಅವಳ ಜೊತೆ ಬಂದಿದ್ದೆ. ಆ ಆಸೆ ಇಲ್ಲದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಕಲ್ಲಿನ ಉತ್ತರದ ಪಾಲು ರಂಗೇಗೌಡರದು. ಆಗ ಅವರಿಗೆ ಎಪ್ಪತ್ತೆಂಟು ವರ್ಷ. ದಕ್ಷಿಣದ ಪಾಲು ಅವರ ತಮ್ಮ ಕೆಂಚೇಗೌಡರದಾಗಿತ್ತು. ಕೆಂಚೇಗೌಡರು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಅವರ ಹೆಂಡತಿ ಸಣ್ಣತಾಯಮ್ಮ ಅದನ್ನು ನೋಡಿಕೊಳ್ಳುತ್ತಿದ್ದರು. ನಮ್ಮನ್ನು ಕರೆಸಿದ್ದು ಅವರ ಅರ್ಜಿ. ತನ್ನ ಪಾಲು ಕಡಿಮೆಯಿದೆ, ಮಧ್ಯದ ಕಲ್ಲನ್ನು ಯಾರೋ ಸರಿಸಿದ್ದಾರೆ, ಗಡಿ ಗುರುತಿಸಿಕೊಡಿ ಎಂದು ಬರೆಸಿದ್ದರು. ಯಾರೋ ಎಂದರೆ ಯಾರು ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಹನ್ನೆರಡು ವರ್ಷದಿಂದ ಆ ಎರಡು ಮನೆಗಳ ನಡುವೆ ಮಾತಿರಲಿಲ್ಲ. ಇಬ್ಬರದೂ ಒಂದೇ ಗೋಡೆ.

ಚೈತ್ರ ಉತ್ತರದ ಕಲ್ಲು, ಮಧ್ಯದ ಕಲ್ಲು, ದಕ್ಷಿಣದ ಕಲ್ಲು ಮೂರನ್ನೂ ಮುಟ್ಟಿ ಬಂದಳು. ಆಮೇಲೆ ಟ್ಯಾಬ್ಲೆಟ್ ನೋಡಿ ಮೆಲ್ಲಗೆ ಹೇಳಿದಳು: “ಸರ್, ಒಟ್ಟು ಉದ್ದ ದಾಖಲೆಗೆ ಸರಿಯಾಗಿದೆ. ಆದರೆ ಈ ಕಲ್ಲು ಮಧ್ಯದಲ್ಲಿಲ್ಲ. ಉತ್ತರಕ್ಕೆ ಎಂಬತ್ತೂವರೆ ಮೀಟರ್ ಇದೆ, ದಕ್ಷಿಣಕ್ಕೆ ಅರವತ್ತೂ ಕಾಲು. ಪೋಡಿ ನಕ್ಷೆಯಲ್ಲಿ ಎರಡೂ ಸಮ.”

ಪೋಡಿ ಎಂದರೆ ಒಂದು ಸರ್ವೆ ನಂಬರನ್ನು ಪಾಲು ಮಾಡಿ ಅಳೆದು, ನಕ್ಷೆ ಬರೆದು, ಕಲ್ಲು ನೆಡುವುದು. ನಕ್ಷೆಯಲ್ಲಿ ಸಮ, ನೆಲದ ಮೇಲೆ ಅಸಮ ಎಂದರೆ ಕಚೇರಿಯ ಭಾಷೆಯಲ್ಲಿ ಒಂದೇ ಅರ್ಥ: ಕಲ್ಲು ಸ್ಥಳಾಂತರವಾಗಿದೆ. ಬಾಂದು ಕಲ್ಲು ಸರಿಸುವುದು ಅಪರಾಧ. ವರದಿಯಲ್ಲಿ ಆ ಎರಡು ಪದ ಬಿದ್ದರೆ ಮುಂದಿನದು ಪೊಲೀಸ್ ಠಾಣೆ.

“ನಾ ಏಳ್ಲಿಲ್ವಾ?” ಎಂದರು ಸಣ್ಣತಾಯಮ್ಮ. ಗಟ್ಟಿಯಾಗಿ ಹೇಳಲಿಲ್ಲ. “ಆಲೂಗೆಡ್ಡೆ ಆಕ್ದಾಗ್ಲೆಲ್ಲಾ ಸಾಲು ಎಣಿಸಿದ್ದೀನಿ ಕಣವ್ವಾ. ಭಾವಂದು ನೂರಾ ಮೂವತ್ತರ ಮ್ಯಾಲೆ. ನಮ್ದು ನೂರು ತುಂಬಕ್ಕೆ ಒಂದ್ ಕಮ್ಮಿ. ಯಾರ್ ಕೇಳವ್ರೆ? ಎಂಗಸಿಗೆ ಎಣಿಕೆ ಬರಲ್ಲ ಅಂದ್ರು.”

ರಂಗೇಗೌಡರು ಕಲ್ಲಿನ ಹತ್ತಿರ ಬಂದರು. ಕುಕ್ಕರುಗಾಲಿನಲ್ಲಿ ಕೂತು ಅದರ ತಲೆಯ ಮೇಲೆ ಅಂಗೈಯಿಟ್ಟರು. “ಇದ್ರ ಮ್ಯಾಲೆ ಕೈ ಮಡಗಿ ಏಳ್ತೀನಿ ಮೇಡಮ್ಮೋರೆ. ನಾನು ಇದನ್ನ ಅಲ್ಲಾಡ್ಸಿಲ್ಲ.”

“ಕೈ ಮಡಗ್ಬೇಡಿ ಭಾವ. ಮಡಗಿ ಮಡಗಿಯೇ ಅದು ಇಲ್ಲಿಗಂಟ ಬಂದಿರಾದು.”

ರಂಗೇಗೌಡರು ಕೈಯನ್ನು ಕಲ್ಲಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ನಾನು ಟ್ಯಾಬ್ಲೆಟ್ ಕೇಳಿ ಇಸಿದುಕೊಂಡೆ. ಹಳೆಯ ಪೋಡಿ ನಕ್ಷೆಯನ್ನು ಸ್ಕ್ಯಾನ್ ಮಾಡಿ ಹಾಕಿದ್ದರು. ಹಳದಿಗಟ್ಟಿದ ಕಾಗದ, ನೀಲಿ ಶಾಯಿ. ಸರಪಳಿಯ ಲೆಕ್ಕದಲ್ಲಿ, ಉತ್ತರದ ಪಾಲಿನ ಪಕ್ಕದಲ್ಲಿ ಏಳು, ದಕ್ಷಿಣದ ಪಾಲಿನ ಪಕ್ಕದಲ್ಲಿ ಏಳು. ಇಂಗ್ಲಿಷ್ ಏಳರ ಸೊಂಟಕ್ಕೆ ಒಂದು ಅಡ್ಡಗೆರೆ. ಹಾಗೆ ಏಳು ಬರೆಯುತ್ತಿದ್ದವನು ನಮ್ಮ ಇಲಾಖೆಯಲ್ಲಿ ನನಗೆ ತಿಳಿದಂತೆ ಒಬ್ಬನೇ. ಕೆಳಗೆ ನನ್ನ ಸಹಿ, ಮೂವತ್ತೊಂದು ವರ್ಷದ ಹಿಂದಿನದು.

ಮನಸ್ಸಿನಲ್ಲೇ ಭಾಗಿಸಿದೆ. ನಮ್ಮ ಹಳೆಯ ಸರಪಳಿಯ ಉದ್ದ ಮೂವತ್ತಮೂರು ಅಡಿ, ಅಂದರೆ ಹತ್ತು ಮೀಟರಿಗೆ ಆರು ಸೆಂಟಿಮೀಟರ್ ಹೆಚ್ಚು. ಎಂಬತ್ತೂವರೆ ಮೀಟರ್ ಎಂದರೆ ಎಂಟು ಸರಪಳಿ. ಅರವತ್ತೂ ಕಾಲು ಎಂದರೆ ಹೆಚ್ಚುಕಡಿಮೆ ಆರು. ಕಲ್ಲು ಕದಿಯುವವನು ಒಂದು ಗೇಣು ಸರಿಸುತ್ತಾನೆ, ಒಂದು ಮಾರು ಸರಿಸುತ್ತಾನೆ. ಸರಿಯಾಗಿ ಒಂದು ಸರಪಳಿ ಸರಿಸುವುದಿಲ್ಲ. ಒಂದು ಸರಪಳಿಯ ತಪ್ಪನ್ನು ಮಾಡುವವರು ಲೋಕದಲ್ಲಿ ಒಂದೇ ಜಾತಿ, ನಾವು.

ಆ ಕ್ಷಣದಲ್ಲೇ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಇದನ್ನೂ ಬರೆದಿಡಬೇಕು. ಮುದುಕರೊಬ್ಬರು ನನ್ನ ಮುಂದೆ ಮಂಜಿನಲ್ಲಿ ಕುಕ್ಕರಿಸಿ ಕೂತಿದ್ದರು. ನಾನು ಎರಡು ತಿಂಗಳು ಮೂರು ವಾರವನ್ನು ಲೆಕ್ಕ ಹಾಕುತ್ತಿದ್ದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಒಂದು ನಿಮಿಷಕ್ಕಿಂತ ಹೆಚ್ಚು, ಐದಕ್ಕಿಂತ ಕಡಿಮೆ.

ಆಮೇಲೆ ಚೈತ್ರಳನ್ನು ಪಕ್ಕಕ್ಕೆ ಕರೆದೆ. “ಇವತ್ತು ವರದಿ ಹಾಕಬೇಡಿ.”

“ಯಾಕೆ ಸರ್? ಎಲ್ಲ ಕ್ಲಿಯರ್ ಆಗಿದೆಯಲ್ಲ.”

“ಈ ಏಳು ನನ್ನದು.”

ಅವಳು ಟ್ಯಾಬ್ಲೆಟ್ ನೋಡಿದಳು, ನನ್ನನ್ನು ನೋಡಿದಳು. ಮತ್ತೇನೂ ಕೇಳದೆ ರೋವರಿನ ಟೋಪಿ ಬಿಚ್ಚಿ ಪೆಟ್ಟಿಗೆಗೆ ಇಟ್ಟಳು.

ಮೂವತ್ತೊಂದು ವರ್ಷದ ಹಿಂದಿನ ಆ ದಿನವನ್ನು ಹೇಳುವ ಮೊದಲು ಸರಪಳಿಯ ವಿಷಯ ಸ್ವಲ್ಪ ಹೇಳಬೇಕು. ಈಗಿನವರು ಅದನ್ನು ನೋಡಿಲ್ಲ. ಉಕ್ಕಿನ ತಂತಿಯ ಕೊಂಡಿಗಳು, ಎರಡು ತುದಿಗೂ ಹಿತ್ತಾಳೆಯ ಹಿಡಿ. ಮೂವತ್ತಮೂರು ಅಡಿಯನ್ನು ಹದಿನಾರು ಭಾಗ ಮಾಡಿ ಒಂದೊಂದನ್ನೂ ಒಂದು ಆಣೆ ಎನ್ನುತ್ತಿದ್ದೆವು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಅದು ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಸರಪಳಿಯ ಜೊತೆ ಹತ್ತು ಕಬ್ಬಿಣದ ಕಡ್ಡಿ, ಒಂದೊಂದರ ತಲೆಗೂ ಬಳೆಯಷ್ಟು ದೊಡ್ಡ ಉಂಗುರ, ಉಂಗುರಕ್ಕೆ ಒಂದು ಚೂರು ಕೆಂಪು ಬಟ್ಟೆ.

ಅಳೆಯುವಾಗ ಇಬ್ಬರು ಬೇಕು. ಮುಂದಿನವನು ಸರಪಳಿ ಎಳೆದುಕೊಂಡು ಹೋಗಿ, ಅದು ಬಿಗಿಯಾದ ಕಡೆ ಒಂದು ಕಡ್ಡಿ ಚುಚ್ಚುತ್ತಾನೆ. ಹಿಂದಿನವನು ಆ ಕಡ್ಡಿಯವರೆಗೆ ಬಂದು, ಅಲ್ಲಿ ತನ್ನ ಹಿಡಿಯನ್ನು ಒತ್ತಿ ಹಿಡಿಯುತ್ತಾನೆ. ಮುಂದಿನವನು ಇನ್ನೊಂದು ಸರಪಳಿ ದೂರ ಹೋಗಿ ಇನ್ನೊಂದು ಚುಚ್ಚುತ್ತಾನೆ. ಹಿಂದಿನವನು ಹೊರಡುವಾಗ ಕಡ್ಡಿ ಕಿತ್ತುಕೊಳ್ಳುತ್ತಾನೆ. ಅವನ ಅಂಗೈಯಲ್ಲಿ ಎಷ್ಟು ಕಡ್ಡಿಯೋ ಅಷ್ಟು ಸರಪಳಿ. ನಮ್ಮ ಇಡೀ ವಿದ್ಯೆ ಒಬ್ಬ ಮನುಷ್ಯನ ಅಂಗೈಯಲ್ಲಿತ್ತು. ಇಬ್ಬನಿಯ ಮೇಲೆ ಸರಪಳಿ ಹರಿದಾಗ ಜಿಣಜಿಣ ಎನ್ನುವ ಒಂದು ಸದ್ದು ಬರುತ್ತಿತ್ತು. ನಿವೃತ್ತನಾದ ಮೇಲೂ ಎಷ್ಟೋ ಸಲ ನಿದ್ದೆಯ ಅಂಚಿನಲ್ಲಿ ಅದನ್ನು ಕೇಳಿದ್ದೇನೆ.

ಆ ದಿನವೂ ಡಿಸೆಂಬರ್, ಆ ದಿನವೂ ಮಂಜು. ನನಗೆ ಇಪ್ಪತ್ತೆಂಟು ವರ್ಷ, ಕೆಲಸಕ್ಕೆ ಸೇರಿ ನಾಲ್ಕನೆಯ ವರ್ಷ. ಹೊಲ ಒಟ್ಟು ಹದಿನಾಲ್ಕು ಸರಪಳಿ ಉದ್ದ, ಐದು ಸರಪಳಿ ಅಗಲ; ಒಂದು ಎಕರೆ ಮೂವತ್ತು ಗುಂಟೆ. ಅಣ್ಣತಮ್ಮಂದಿರು ಸಮವಾಗಿ ಪಾಲು ಕೇಳಿದ್ದರು. ಅಂದರೆ ಉತ್ತರದ ಕಲ್ಲಿನಿಂದ ಏಳು ಸರಪಳಿಗೆ ಒಂದು ಕಲ್ಲು ನೆಡಬೇಕು. ನನ್ನ ಚೈನ್‌ಮನ್ ಬೋರಯ್ಯ, ಶಾಂತಿಗ್ರಾಮದವರು, ನನಗಿಂತ ಹತ್ತು ವರ್ಷ ದೊಡ್ಡವರು. ಇನ್ನೊಬ್ಬ ಚೈನ್‌ಮನ್ ರಜದಲ್ಲಿದ್ದ. ಹಾಗಾಗಿ ಮುಂದಿನ ಹಿಡಿಯನ್ನು ಕೆಂಚೇಗೌಡರೇ ಹಿಡಿದರು. ಹಿಂದೆ ಬೋರಯ್ಯ.

ಕೆಂಚೇಗೌಡರು ನಗಿಸುವ ಮನುಷ್ಯ. “ಏನ್ ಸಾ, ನಮ್ಮೆತ್ತಿನ್ ಸರಪಣಿಗಿಂತ ಸಣ್ಣುಕ್ಕದಲ್ಲ ಇದು. ನಮ್ಮಣ್ಣನ್ನ ಇಡ್ದು ನಿಲ್ಲಿಸ್ತದಾ?” ಎಂದರು.

“ಎಳಿಯಲಾ ಸುಮ್ಕೆ. ನಿನ್ನ ಕಟ್ಟಾಕಕ್ಕೆ ದಾರ ಸಾಕು,” ಎಂದರು ಬದುವಿನ ಮೇಲೆ ಕೂತಿದ್ದ ರಂಗೇಗೌಡರು. ಇಬ್ಬರೂ ನಕ್ಕರು. ಪಾಲಾಗುವ ದಿನ ಹಾಗೆ ನಗುವ ಅಣ್ಣತಮ್ಮಂದಿರನ್ನು ನಾನು ಹೆಚ್ಚು ಕಂಡಿಲ್ಲ.

ಬದುವಿನ ಗುಂಟ ಅಳೆದೆವು. ಬೋರಯ್ಯ “ಏಳು ಸಾ” ಎಂದು ಅಂಗೈ ಬಿಚ್ಚಿದರು. ಏಳು ಕಡ್ಡಿ ಇದ್ದವು, ಎಣಿಸಿದೆ. ಅಲ್ಲೇ ಕಲ್ಲು ನೆಡಿಸಿದೆ. ಕ್ರಾಸ್ ಸ್ಟಾಫ್ ಎಂಬ ಮರದ ಉಪಕರಣವಿಟ್ಟು, ಅಲ್ಲಿಂದ ಪೂರ್ವದ ಬದುವಿಗೆ ನೇರ ಗೆರೆ ಹಿಡಿದು ಇನ್ನೊಂದು ಕಲ್ಲು ನೆಡಿಸಿದೆ. ಇನ್ನು ಉಳಿದ ದಕ್ಷಿಣದ ಭಾಗವನ್ನೂ ಸರಪಳಿ ಹಾಕಿ ಅಳೆಯಬೇಕು, ಅದು ನಿಯಮ. ಆದರೆ ಆ ಕಡೆ ಕೆಂಚೇಗೌಡರ ರಾಗಿ ಇನ್ನೂ ಕುಯ್ದಿರಲಿಲ್ಲ. ಬದುವಿನ ಮೇಲೆ ಲಂಟಾನ ಬೆಳೆದಿತ್ತು. ಸರಪಳಿ ಹಾಕಿದರೆ ಬಲಿತ ತೆನೆಯ ಮೇಲೆ ನಡೆಯಬೇಕು.

“ಎಲ್ಡ್ ದಿನ ಬುಟ್ಕಂಡ್ ಬನ್ನಿ ಸಾ, ಕುಯ್ದಾಗಿರ್ತದೆ,” ಎಂದರು ಕೆಂಚೇಗೌಡರು.

“ಹದಿನಾಲ್ಕರಲ್ಲಿ ಏಳು ಕಳೆದರೆ ಏಳೇ ಅಲ್ವೇನ್ರಿ?” ಎಂದೆ. ಅವರೂ ನಕ್ಕರು, ನಾನೂ ನಕ್ಕೆ. ಪುಸ್ತಕದಲ್ಲಿ ಏಳು ಎಂದು ಬರೆದು ಅಡ್ಡಗೆರೆ ಎಳೆದೆ. ಅವರ ರಾಗಿಯನ್ನು ಉಳಿಸಿದೆ ಎಂದುಕೊಂಡಿದ್ದೆ.

ಇನ್ನೊಂದು ಸಣ್ಣ ಸಂಗತಿ. ಮುಂದಿನ ವಾರ ಬೇರೆ ಊರಿನಲ್ಲಿ ಕಡ್ಡಿಗಳ ಕಟ್ಟು ಬಿಚ್ಚಿದಾಗ ಒಂದು ಕಡ್ಡಿ ಹೊಸದಾಗಿ ಹೊಳೆಯುತ್ತಿತ್ತು. ಉಂಗುರ ಬೇರೆಯವಕ್ಕಿಂತ ಸ್ವಲ್ಪ ದುಂಡಗಿತ್ತು. ಬೋರಯ್ಯ ಒಂದನ್ನು ಎಲ್ಲೋ ಕಳೆದು, ನನಗೆ ಹೇಳಲು ಸಂಕೋಚಪಟ್ಟು ಕಮ್ಮಾರನ ಹತ್ತಿರ ಮಾಡಿಸಿದ್ದಾರೆ ಎಂದುಕೊಂಡೆ. ಒಳ್ಳೆಯ ಮನುಷ್ಯ ಎಂದು ಸುಮ್ಮನಾದೆ. ಕೇಳಲಿಲ್ಲ.

ಆ ಬುಧವಾರ ಹೊಲದಿಂದ ಹೊರಟವನು ಕಚೇರಿಗೆ ಹೋಗಲಿಲ್ಲ. ಹಿರೀಸಾವೆಯಲ್ಲಿ ಹಾಸನದ ಬಸ್ಸು ಹತ್ತಿದೆ. ಕಿಟಕಿಯ ಆಚೆ ಮಂಜು ಹರಿದು ಹರಿದು, ಮರಗಳು ಒಂದೊಂದಾಗಿ ಬಂದು ನಿಂತು ಹೋಗುತ್ತಿದ್ದವು. ನಾನು ಅವನ್ನು ಎಣಿಸುತ್ತಿದ್ದೆ. ಏಳರ ನಂತರ ಮತ್ತೆ ಏಳು ಬರುತ್ತಿತ್ತು. ಶಾಂತಿಗ್ರಾಮದಲ್ಲಿ ಇಳಿದೆ. ಬೋರಯ್ಯ ಡೇರಿಗೆ ಹಾಲು ಹಾಕಿ ಬಂದು ಜಗುಲಿಯಲ್ಲಿ ಬಿಸಿಲು ಕಾಯಿಸುತ್ತಿದ್ದರು. ಅವರು ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು. ನನ್ನನ್ನು ಕಂಡು ಎದ್ದರು.

“ಬೋರಯ್ಯ, ಆ ಹೊಸ ಕಡ್ಡಿ ಯಾಕೆ ಮಾಡಿಸಬೇಕಾಯ್ತು?”

ಯಾವ ಕಡ್ಡಿ ಎಂದು ಅವರು ಕೇಳಲಿಲ್ಲ. ಮೂವತ್ತೊಂದು ವರ್ಷ ಆ ಪ್ರಶ್ನೆಗೇ ಕಾದಿದ್ದವರಂತೆ ಮತ್ತೆ ಕೂತರು.

“ಐದ್ನೇದು ಸಾ,” ಎಂದರು. “ಆ ಬದೀನ್ ಮ್ಯಾಲೆ ಒಂದು ಉತ್ತ ಇತ್ತಲ್ಲ. ಕೆಂಚಣ್ಣ ಮಾತಾಡ್ತಾ ಮಾತಾಡ್ತಾ ನೋಡ್ದಲೆ ಉತ್ತದ ಬುಡಕ್ಕೇ ಚುಚ್ಚಿಬುಟ್ಟಿದ್ದ. ನಾನು ಬಂದು ನೋಡ್ತೀನಿ, ಅರಿಸ್ನ ಕುಂಕ್ಮ ಆಕವ್ರೆ, ಅದ್ರ್ ಮಧ್ಯಕ್ಕೆ ಕಬ್ಬಿಣ. ನನ್ನೆಂಡ್ತಿ ಆಗ ಬಸ್ರಿ. ಕೀಳಕ್ಕೆ ಕೈ ಬರ್ಲಿಲ್ಲ ಸಾ. ಕಿತ್ರೆ ತೂತು ಬೀಳ್ತದೆ, ನಾಗಪ್ಪನ್ ಮನೆ ಬಾಗ್ಲು ನಾನೇ ಒಡ್ದಂಗಾಯ್ತದೆ ಅಂತ. ಕೈ ಮುಗ್ದು ಅಂಗೇ ಬುಟ್ಟು ಬಂದೆ. ಕೊನೇಲಿ ಒಂದು ಸೇರಿಸಿ ಏಳಾನ ಅಂದ್ಕಂಡಿದ್ದೆ.”

“ಹೇಳಲಿಲ್ಲವಲ್ಲ.”

“ನೀವು ಎಷ್ಟು ಅಂದ್ರಿ. ಅಂಗೈ ಬಿಚ್ದೆ. ಅಂಗೈಲಿ ಇದ್ದಿದ್ದು ಏಳು. ಬಾಯಿ ಅದನ್ನೇ ಏಳ್ತು. ಮರ್ತೇ ಓಗಿತ್ತು ಸಾ. ಇರೀಸಾವೆ ಬಸ್ ಸ್ಟ್ಯಾಂಡಲ್ಲಿ ಕಟ್ಟು ಕಟ್ಟುವಾಗ ಒಂಬತ್ತೇ ಅದೆ! ಆಗ ನೆಪ್ಪಾಯ್ತು.” ತಮ್ಮ ಅಂಗೈ ನೋಡಿಕೊಂಡು ಹೇಳಿದರು: “ಆಮೇಲೆ ಅಂದ್ಕಂಡೆ, ಸಾಹೇಬ್ರು ಆ ಕಡೇನೂ ಅಳ್ದಿರ್ತಾರೆ, ತಪ್ಪಿದ್ರೆ ಅಲ್ಲಿ ಸಿಕ್ಕಿರ್ತಿತ್ತು ಅಂತ. ನಾನು ನೀರು ತರಕ್ಕೆ ಓಗಿದ್ನಲ್ಲ ಆಗ.”

ನಾನು ಬೋರಯ್ಯನವರ ಅಂಗೈಯನ್ನು ನಂಬಿದ್ದೆ. ಬೋರಯ್ಯ ನನ್ನ ಪುಸ್ತಕವನ್ನು ನಂಬಿದ್ದರು. ನಮ್ಮಿಬ್ಬರ ನಂಬಿಕೆಯ ನಡುವೆ ಐದು ಗುಂಟೆ ನೆಲ ಹೋಗಿತ್ತು. ಅದರ ಹಿಂದೆಯೇ ಒಬ್ಬ ಮನುಷ್ಯನ ಹೆಸರೂ ಹೋಗುವುದರಲ್ಲಿತ್ತು.

“ನಾಳೆ ಬರ್ತೀರಾ? ಮತ್ತೆ ಅಳೆಯಬೇಕು.”

“ಸರಪಳಿ ಅದಾ ಸಾ ಇನ್ನೂ?”

ಸರಪಳಿ ಇತ್ತು. ಕಚೇರಿಯ ಹಳೆಯ ಸಾಮಾನಿನ ಕೋಣೆಯಲ್ಲಿ, ಗೋಣಿಚೀಲದಲ್ಲಿ, ಹತ್ತು ಕಡ್ಡಿಗಳ ಸಮೇತ. ಹೊಸ ಕಡ್ಡಿಯೂ ಈಗ ಉಳಿದವುಗಳಷ್ಟೇ ತುಕ್ಕು ಹಿಡಿದಿತ್ತು. ಉಂಗುರದ ದುಂಡಿನಿಂದ ಮಾತ್ರ ಗುರುತು ಸಿಕ್ಕಿತು. ಸಂಜೆ ಟೇಪು ಹಿಡಿದು ಸರಪಳಿಯನ್ನು ಅಳೆದು ನೋಡಿದೆ. ಕೊಂಡಿಗಳು ಸವೆದು ಮುಕ್ಕಾಲು ಅಂಗುಲ ಬೆಳೆದಿತ್ತು.

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ನಾವು ಐದು ಜನ ಉತ್ತರದ ಕಲ್ಲಿನ ಹತ್ತಿರ ಇದ್ದೆವು. ರಂಗೇಗೌಡರೂ ಸಣ್ಣತಾಯಮ್ಮನೂ ಯಾಕೆ ಎಂದು ಕೇಳಿದರು. ಅಳೆದು ಮುಗಿದ ಮೇಲೆ ಹೇಳುತ್ತೇನೆ ಎಂದೆ. ಹುತ್ತದ ಮಾತನ್ನು ಬೋರಯ್ಯನೂ ಎತ್ತಬಾರದು ಎಂದು ಹೇಳಿಟ್ಟಿದ್ದೆ. ನೆಲ ಏನು ಹೇಳುತ್ತದೋ ಅದನ್ನು ಎಲ್ಲರೂ ಒಟ್ಟಿಗೆ ನೋಡಲಿ ಎಂಬುದಷ್ಟೇ ನನ್ನ ಉದ್ದೇಶ. ನಿಜ ಹೇಳಬೇಕೆಂದರೆ ಕಡ್ಡಿ ಅಲ್ಲಿರುತ್ತದೆ ಎಂದು ನಾನು ನಂಬಿರಲಿಲ್ಲ.

ಮುಂದಿನ ಹಿಡಿ ಚೈತ್ರಳ ಕೈಯಲ್ಲಿ. ಅವಳು ಸರಪಳಿ ಮುಟ್ಟುತ್ತಿದ್ದುದು ಅದೇ ಮೊದಲು. ಅದು ಕೂಳೆಯ ಮೇಲೆ ಹರಿಯಲು ಶುರುವಾದಾಗ ಆ ಹಳೆಯ ಸದ್ದು ಬಂತು. ಬದುವಿನ ಒಂದು ಪಕ್ಕದಲ್ಲಿ ರಂಗೇಗೌಡರು, ಇನ್ನೊಂದು ಪಕ್ಕದಲ್ಲಿ ಸಣ್ಣತಾಯಮ್ಮ, ಒಬ್ಬರನ್ನೊಬ್ಬರು ನೋಡದೆ ನಡೆಯುತ್ತಿದ್ದರು. ಮಂಜು ಹಿಂದಿನ ದಿನಕ್ಕಿಂತ ಗಟ್ಟಿ. ಚೈತ್ರ ಮೂವತ್ತಮೂರು ಅಡಿ ದೂರ ಹೋದರೆ ಅವಳು ಕಾಣುತ್ತಿರಲಿಲ್ಲ, ಸರಪಳಿ ಬಿಗಿಯುವುದು ಮಾತ್ರ ಕಾಣುತ್ತಿತ್ತು. ಆಚೆ ತುದಿಯಲ್ಲಿ ಕೆಂಚೇಗೌಡರೇ ಹಿಡಿದಿದ್ದಾರೆ ಎಂದು ಒಂದೆರಡು ಸಲ ಅನಿಸಿತು. ಒಂದು. ಎರಡು. ಮೂರು. ಬೋರಯ್ಯ ಬಾಗಿ ಏಳುವಾಗ ಮೊಣಕಾಲು ಹಿಡಿದುಕೊಳ್ಳುತ್ತಿದ್ದರು. ನಾಲ್ಕು.

ಐದನೆಯ ಸರಪಳಿ ಬಿಗಿಯಾಯಿತು. ಚೈತ್ರ ಆ ಕಡೆಯಿಂದ ಕೂಗಿದಳು: “ಸರ್, ಇಲ್ಲಿ ಕಡ್ಡಿ ಚುಚ್ಚೋಕಾಗಲ್ಲ. ಹುತ್ತ ಇದೆ.”

ನಾವು ಹೋದೆವು. ಹುತ್ತ ಈಗ ಎದೆಯೆತ್ತರ ಬೆಳೆದಿತ್ತು. ಮಂಜಿನಲ್ಲಿ ನೆನೆದು ಕೆಂಪಗೆ, ಯಾರೋ ಕಂಬಳಿ ಹೊದ್ದು ಕೂತಂತೆ ಇತ್ತು. ಅದರ ಬುಡದಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಮಣ್ಣಿನೊಳಗಿಂದ ಒಂದು ಕಬ್ಬಿಣದ ಉಂಗುರ ಹೊರಗೆ ಬಂದಿತ್ತು. ಕಡ್ಡಿಯ ಮೈಯನ್ನೆಲ್ಲ ಹುತ್ತ ನುಂಗಿತ್ತು. ಉಂಗುರಕ್ಕೆ ಕೆಂಪು ಬಟ್ಟೆ ಇರಲಿಲ್ಲ. ಅದರ ಬದಲು ಅರಿಸಿನದ ದಾರಗಳು, ಒಂದರ ಮೇಲೊಂದು, ಹಳೆಯವು ಕಪ್ಪಾಗಿ ಹೊಸವು ಹಳದಿಯಾಗಿ, ಬೆರಳು ದಪ್ಪ ಸುತ್ತಿಕೊಂಡಿದ್ದವು. ಒಣಗಿದ ಸೇವಂತಿಗೆ. ಕುಂಕುಮ. ಚೈತ್ರಳ ಕೈಯಲ್ಲಿದ್ದ ಸರಪಳಿಯ ಹಿಡಿ ಉಂಗುರದಿಂದ ಒಂದು ಅಂಗೈಯಷ್ಟು ಆಚೆ ಬಿದ್ದಿತ್ತು. ಸರಪಳಿ ಬೆಳೆದಿದ್ದರಿಂದ ಅದು ಹಾಗೆಯೇ ಬೀಳಬೇಕು.

ಬದುವಿನ ಮೇಲೆ ಕೂತುಬಿಟ್ಟೆ. ಕೂತೇ ಕೇಳಿದೆ, “ಬೋರಯ್ಯ, ಎಷ್ಟು?”

ಬೋರಯ್ಯ ಅಂಗೈ ಬಿಚ್ಚಿದರು. “ನಾಲ್ಕು ಸಾ.” ಎಡಗೈಯಿಂದ ಉಂಗುರ ತೋರಿಸಿದರು. “ಇದೊಂದು.”

“ಅದನ್ಯಾಕ್ ಎಣಿಸ್ತೀಯಪ್ಪಾ?” ಎಂದರು ಸಣ್ಣತಾಯಮ್ಮ. “ಅದು ನಾಗಪ್ಪಂದು. ನಾನ್ ಮದ್ವೆಯಾಗ್ ಬಂದಾಗ ಇರ್ಲಿಲ್ಲ, ಆಮೇಲೆ ಬಂತು. ತಾನಾಗೇ ಬಂದಿರಾದು. ವರ್ಸಾ ವರ್ಸಾ ದಾರ ಕಟ್ತೀನಿ.”

ಮಾತಿಲ್ಲದ ಹನ್ನೆರಡು ವರ್ಷದಲ್ಲೂ ನಾಗರಪಂಚಮಿಯ ದಿನ ಒಂದು ಸಲ ಅವರು ಭಾವನ ನೆಲಕ್ಕೆ ಕಾಲಿಡುತ್ತಿದ್ದರಂತೆ. ಅದರ ಹಿಂದಿನ ದಿನವೇ ರಂಗೇಗೌಡರು ಬಂದು ಹುತ್ತದ ಸುತ್ತ ಹುಲ್ಲು ಕೆತ್ತಿ ದಾರಿ ಮಾಡಿ ಹೋಗುತ್ತಿದ್ದರಂತೆ. ಇದು ನನಗೆ ಆಮೇಲೆ ತಿಳಿಯಿತು. ಆ ಹೊತ್ತಿನಲ್ಲಿ ನಾನು ಕಂಡದ್ದು ಇಷ್ಟೇ: ತನ್ನ ನೆಲ ಎಲ್ಲಿ ಹೋಯಿತು ಎಂದು ಮೂವತ್ತೊಂದು ವರ್ಷ ಸಾಲು ಎಣಿಸಿದ ಹೆಂಗಸು, ಅದಕ್ಕೆ ಸಾಕ್ಷಿ ಹೇಳುವ ಒಂದೇ ಒಂದು ವಸ್ತುವಿಗೆ ಮೂವತ್ತೊಂದು ವರ್ಷ ಹೂವಿಟ್ಟಿದ್ದರು.

ಎದ್ದು ನಿಂತು ಹೇಳಿದೆ. ಕುಳಿತು ಹೇಳುವ ಮಾತಾಗಿರಲಿಲ್ಲ. ಕಡ್ಡಿ ಯಾರು ಚುಚ್ಚಿದ್ದು, ಯಾರು ಬಿಟ್ಟದ್ದು, ಯಾರು ಅಳೆಯದೆ ಏಳು ಎಂದು ಬರೆದದ್ದು, ಎಲ್ಲ. “ಕಲ್ಲನ್ನು ಯಾರೂ ಸರಿಸಿಲ್ಲಮ್ಮ. ನಾನೇ ತಪ್ಪಾದ ಜಾಗದಲ್ಲಿ ನೆಟ್ಟೆ. ನಿಮ್ಮ ರಾಗಿ ತುಳಿಯಬಾರದು ಅಂತ ಆ ಕಡೆ ಅಳೆಯಲಿಲ್ಲ. ತಪ್ಪು ನನ್ನದು.”

ಸಣ್ಣತಾಯಮ್ಮ ಬಹಳ ಹೊತ್ತು ಉಂಗುರವನ್ನೇ ನೋಡಿದರು. “ಅವ್ರು ಏಳೋರು,” ಎಂದರು. ಗಂಡನ ವಿಷಯ. “ಸಾಯಾಗಂಟ ಏಳಿದ್ರು. ಸರಪಣಿ ನಾನೇ ಇಡ್ದಿದ್ದೆ ಕಣೆ, ಮೋಸ ಇಲ್ಲ ಅಂತ. ಅದ್ಕೇ ನಾನು… ಅವತ್ತು ಸರ್ಯಾಗಿ ಅಳ್ದಿದ್ರೆ, ಆಮೇಲೆ ಯಾರೋ ಕಿತ್ತಿರ್ಬೇಕಲ್ಲ ಅಂತ…” ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಅಲ್ಲಿಯವರೆಗೆ ಭಾವನ ಮುಂದೆ ಅವರು ಸೆರಗು ಹೊದ್ದಿರಲಿಲ್ಲ.

ರಂಗೇಗೌಡರು ಹುತ್ತದ ಆ ಪಕ್ಕದಲ್ಲಿ ನಿಂತಿದ್ದರು. ಮಂಜಿನಲ್ಲಿ ಅವರ ಮುಖ ನನಗೆ ಕಾಣಲಿಲ್ಲ. “ಎಲ್ಲಿ ಬರ್ಬೇಕೋ ಅಲ್ಲಿಗೆ ಆಕಿ ಸಾ ಕಲ್ಲ,” ಎಂದರು. ಆಮೇಲೆ, “ಐದ್ ಗುಂಟೆ ನನ್ ತಲೆ ಮ್ಯಾಲಿತ್ತು. ಇಳೀತು ಬುಡಿ.”

“ಭಾವ,” ಎಂದರು ಸಣ್ಣತಾಯಮ್ಮ. ಹನ್ನೆರಡು ವರ್ಷದಲ್ಲಿ ಅವರನ್ನು ಚುಚ್ಚುವುದಕ್ಕಲ್ಲದೆ ಕರೆದದ್ದು ಅದೇ ಮೊದಲಂತೆ. “ಉತ್ತ ನಿಮ್ ಕಡೇನೇ ಉಳೀತದೆ. ನಾನ್ ಬತ್ತಾ ಇರ್ತೀನಿ.”

“ಬ್ಯಾಡ ಅಂತ ಯಾವತ್ತಂದಿದ್ದೆ? ಉಲ್ಲು ಕೆತ್ತಿ ಕೆತ್ತಿ ನನ್ ಸ್ವಂಟ ಓಯ್ತು.”

ಬೋರಯ್ಯ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಅಳುತ್ತಿದ್ದವರೂ.

ಉಳಿದ ಸರಪಳಿಗಳನ್ನು ಹಾಕಿದೆವು. ನೆಟ್ಟ ಕಲ್ಲಿಗೆ ಎಂಟು ಬಂತು. ನಿಲ್ಲಿಸಲಿಲ್ಲ, ಅಲ್ಲಿಂದ ದಕ್ಷಿಣದ ಕಲ್ಲಿನವರೆಗೂ ಅಳೆದೆವು. ಆರಕ್ಕೆ ಎರಡು ಅಂಗೈಯಷ್ಟು ಕಡಿಮೆ. ಮೂವತ್ತೊಂದು ವರ್ಷ ತಡವಾಗಿ ಆ ಭಾಗದ ಮೇಲೆ ಸರಪಳಿ ಹರಿಯಿತು. ಚೈತ್ರ ರೋವರ್ ಹಿಡಿದು ಏಳನೆಯ ಸರಪಳಿಯ ಜಾಗವನ್ನು ಗುರುತಿಸಿದಳು. ಕಲ್ಲನ್ನು ಕೀಳುವಾಗ ರಂಗೇಗೌಡರು ಮುಟ್ಟಲಿಲ್ಲ. “ನಾನ್ ಮುಟ್ಟಲ್ಲ, ನೀವೇ ಕೀಳಿ,” ಎಂದು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಹುತ್ತದ ಕಡ್ಡಿಯನ್ನು ಯಾರೂ ಕೀಳಲಿಲ್ಲ. ಕೀಳೋಣವೇ ಎಂದು ಯಾರೂ ಕೇಳಲೂ ಇಲ್ಲ.

ಅದೇ ಸಂಜೆ ನನ್ನ ಹೇಳಿಕೆಯನ್ನು ಎರಡು ಪುಟ ಬರೆದು ಮೇಲಧಿಕಾರಿಗೆ ಕೊಟ್ಟೆ. ಬೋರಯ್ಯನವರ ಹೆಸರು ಬರೆಯಲಿಲ್ಲ. ಕಡ್ಡಿಗಳನ್ನು ಕೊನೆಯಲ್ಲಿ ಹತ್ತೂ ಎಣಿಸಿಕೊಳ್ಳಬೇಕಾದವನು ಭೂಮಾಪಕ, ಚೈನ್‌ಮನ್ ಅಲ್ಲ. ಕಾರಣ ಕೇಳಿ ನೋಟಿಸ್ ಬಂತು, ಉತ್ತರ ಕೊಟ್ಟೆ, ಸೇವಾ ಪುಸ್ತಕದಲ್ಲಿ ಎಚ್ಚರಿಕೆಯ ಒಂದು ಸಾಲು ಬಿತ್ತು. ಅದು ಅಲ್ಲಿರುವುದು ಸರಿ.

ಹೊಸ ಉಪಕರಣ ಹಳೆಯದರ ತಪ್ಪನ್ನು ಹಿಡಿಯಿತು ಎಂದು ಕೆಲವರು ಹೇಳಿದರು. ರೋವರ್ ಹೇಳಿದ್ದು ಕಲ್ಲು ಎಲ್ಲಿದೆ ಎಂದು ಮಾತ್ರ. ಯಾಕೆ ಅಲ್ಲಿದೆ ಎಂದು ಅದಕ್ಕೆ ಗೊತ್ತಿರಲಿಲ್ಲ. ಸರಪಳಿಯೂ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದ್ದು ಕಳೆಯುವ ಲೆಕ್ಕದಿಂದ ಬಂದ ನನ್ನ ಎರಡನೆಯ ಏಳು. ಮೂವತ್ತೈದು ವರ್ಷದ ಕೆಲಸದಲ್ಲಿ ನಾನು ಕಲಿತದ್ದು ಇಷ್ಟು: ಅಳೆಯದ ಅಂಕಿಯನ್ನು ಬರೆಯಬಾರದು, ಅದು ಸರಿಯಾಗಿಯೇ ಇದ್ದರೂ.

ಆ ಗುರುವಾರ ಹುತ್ತದ ಬುಡದಲ್ಲಿ ಉಂಗುರವನ್ನು ಕಂಡವರು ಐದು ಜನ. ರಂಗೇಗೌಡರು ಕಳೆದ ಮಾಘ ಮಾಸದಲ್ಲಿ ತೀರಿಕೊಂಡರು. ಅದಕ್ಕೆ ಮುಂಚಿನ ಮೂರು ವರ್ಷ ದಿನಾ ಬೆಳಿಗ್ಗೆ ಪಕ್ಕದ ಮನೆಯ ಜಗುಲಿಯಲ್ಲಿ ಕೂತು ಕಾಫಿ ಕುಡಿದರು. ಉಳಿದವರು ಇದ್ದೇವೆ. ಚೈತ್ರ ಈಗ ಅರಕಲಗೂಡಿನಲ್ಲಿ ಕೆಲಸದಲ್ಲಿದ್ದಾಳೆ. ಬೋರಯ್ಯ ಶಾಂತಿಗ್ರಾಮದಲ್ಲಿದ್ದಾರೆ, ಬಲಗಣ್ಣಿಗೆ ಪೊರೆ ಬಂದಿದೆ, ಆದರೆ ಕೇಳಿದವರಿಗೆ ಅಂಗೈ ಬಿಚ್ಚಿ ತೋರಿಸುತ್ತಾರೆ. ನಾನು ಹೊಳೆನರಸೀಪುರದಲ್ಲಿದ್ದೇನೆ. ಸಣ್ಣತಾಯಮ್ಮ ಅದೇ ಊರಿನಲ್ಲಿ, ಅದೇ ಮನೆಯಲ್ಲಿದ್ದಾರೆ. ಈ ಸಲದ ನಾಗರಪಂಚಮಿಗೆ ಮುಂಚಿನ ದಿನ ಹುತ್ತದ ಸುತ್ತ ಹುಲ್ಲು ಕೆತ್ತಿದವರು ಅವರೇ.